ತೊಲ ತೂಕದ ಗುಂಡು

ಬೋಪಣ್ಣನಿಗೆ ಎಲ್ಕ್ ಎಂಬ ಭಾರೀ ಜಿಂಕೆಯ ಬೇಟೆಗೆ ಟ್ಯಾಗ್, ಅಂದರೆ ಪರವಾನಗಿ, ಸಿಕ್ಕಿದ ಸುದ್ದಿ ಹಬ್ಬಿದ್ದೇ ತಡ, ಅಮೆರಿಕದ ಡೆನ್ವರ್ ಸುತ್ತಮುತ್ತಲ ಕನ್ನಡಿಗರಲ್ಲಿ ಜನ್ಮದಲ್ಲಿ ಕೋವಿ ಮುಟ್ಟದವರೆಲ್ಲ ಶಿಕಾರಿ ಪಂಡಿತರಾಗಿಬಿಟ್ಟರು. ಅವರಲ್ಲಿ ಅಗ್ರಗಣ್ಯರು ಶಿರಸಿ ಭಟ್ಟರು. ಮೊಟ್ಟೆ ಒಡೆದ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡುವ ಮನುಷ್ಯ. ಆದರೆ ಯಾವ ಗುಂಡು ಮುನ್ನೂರು ಗಜದಲ್ಲಿ ಎಷ್ಟು ಇಂಚು ಕೆಳಗಿಳಿಯುತ್ತದೆ ಅಂತ ಕೇಳಿ, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ.

ಶನಿವಾರ ಸಂಜೆ ಬೋಪಣ್ಣನ ಗ್ಯಾರೇಜಿನಲ್ಲಿ ಸಭೆ. ಮೇಜಿನ ಮೇಲೆ ಬೋಲ್ಟ್ ಕಳಚಿಟ್ಟ ಥರ್ಟಿ-ಆಟ್-ಸಿಕ್ಸ್ ರೈಫಲ್ಲು, ಅದರ ಪಕ್ಕದಲ್ಲಿ ಮೂರು ಡಬ್ಬಿ ಗುಂಡು: 150, 165, 180 ಗ್ರೇನ್ ತೂಕದವು. ಮದ್ದು, ಕೇಪು, ಹಿತ್ತಾಳೆ ಚಿಪ್ಪು ಎಲ್ಲ ಬೇರೆ ಬೇರೆ ತಂದು ತೋಟೆಯನ್ನು ತಾನೇ ಕಟ್ಟಿಕೊಳ್ಳುವ ಆಸಾಮಿ ಅವನು. ನಾಲ್ಕನೇ ಡಬ್ಬಿಯಲ್ಲಿ ಪಾಟೀಲನ ಮನೆಯ ಗಿರ್ಮಿಟ್ ಇತ್ತು. ಅದರ ಬಗ್ಗೆ ಮಾತ್ರ ಯಾರಲ್ಲೂ ಭಿನ್ನಾಭಿಪ್ರಾಯ ಬರಲಿಲ್ಲ.

"ಎಲ್ಕು ಅಂದ್ರೆ ಎಷ್ಟು ದಪ್ಪ ಇರ್ತದೆ ಬೋಪಣ್ಣ?" ಮಂಡ್ಯದ ಗೌಡರು ಶುರುಮಾಡಿದರು. ಅವರಿಗೆ ಯಾವ ಪ್ರಾಣಿಯಾದರೂ ಮೊದಲು ಕಾಣುವುದು ತಪ್ಪಲೆಯೊಳಗೆ.

"ನಾಗರಹೊಳೆಯಲ್ಲಿ ಕಡವೆ ನೋಡಿದ್ದೀರಲ್ಲ? ಅದರ ದೊಡ್ಡಪ್ಪನ ಮಗ ಅಂದ್ಕೊಳ್ಳಿ. ಗಂಡು ಮುನ್ನೂರು ಕಿಲೋ ದಾಟುತ್ತೆ, ಹೆಣ್ಣು ಇನ್ನೂರು ಚಿಲ್ಲರೆ. ಅಮೆರಿಕದಲ್ಲಿ ಈ ಕೊಲೊರಾಡೊದಲ್ಲಿ ಇರೋಷ್ಟು ಎಲ್ಕ್ ಬೇರೆ ಯಾವ ರಾಜ್ಯದಲ್ಲೂ ಇಲ್ಲ."

"ಮುನ್ನೂರು ಕಿಲೋ!" ಗೌಡರ ಧ್ವನಿಯಲ್ಲಿ ಭಕ್ತಿ ಬಂತು. "ಅಷ್ಟು ದೊಡ್ಡದಕ್ಕೆ ಈ ಕಡ್ಲೆಬೀಜದಷ್ಟು ಗುಂಡು ಸಾಕಾಯ್ತದಾ?"

ಅಲ್ಲಿಗೆ ಕಿಡಿ ಬಿತ್ತು.

"180 ಗ್ರೇನ್ ಅಂದ್ರ ನಮ್ಮ ಲೆಕ್ಕದಾಗ ಎಷ್ಟಾತ್ರೀ?" ಅಂದ ಪಾಟೀಲ. ಹುಬ್ಬಳ್ಳಿಯಲ್ಲಿ ಅವನದು ಬಂಗಾರದಂಗಡಿಯ ಮನೆತನ.

"7000 ಗ್ರೇನಿಗೆ ಒಂದು ಪೌಂಡು," ಭಟ್ಟರು ಕಣ್ಣು ಮುಚ್ಚಿದರು. "180ಕ್ಕೆ 11.66 ಗ್ರಾಮ್."

ಪಾಟೀಲ ಕೂತಲ್ಲಿಂದ ಎದ್ದೇಬಿಟ್ಟ. "11.66? ಲೇ, ಅದು ಒಂದು ತೊಲಿ ಅಲ್ಲೇನೋ! ಕಂಪನಿ ಸರಕಾರದವ್ರು 1833ರಾಗ ತೊಲಿ ಅಂದ್ರ 180 ಗ್ರೇನ್ ಅಂತ ಗೊತ್ತು ಮಾಡಿದ್ರು. ರೂಪಾಯಿ ತೂಕಾನೂ ಅದ. ತೊಂಬತ್ತಾರು ಗುಲಗಂಜಿ! ನಮ್ಮ ಅಜ್ಜ ಇದನ್ನ ದಿನಾ ತೂಗ್ತಿದ್ದ!"

ನಂಬುವವರು ಯಾರು? ಪುರಾವೆ ಬೇಕು ಎಂದರು ಭಟ್ಟರು. ಪಾಟೀಲ ಎರಡು ಮನೆ ಆಚೆಗಿನ ತನ್ನ ಮನೆಗೆ ಓಡಿ, ದೇವರ ಪೆಟ್ಟಿಗೆಯಿಂದ ರಾಣಿ ಛಾಪಿನ ಬೆಳ್ಳಿ ರೂಪಾಯಿ ಎತ್ತಿಕೊಂಡು ಬಂದ. ಬೋಪಣ್ಣ ಮದ್ದು ತೂಗುವ ಪುಟ್ಟ ತಕ್ಕಡಿ ಹಚ್ಚಿದ. ಗುಂಡು ಇಟ್ಟರೆ 180.1. ರೂಪಾಯಿ ಇಟ್ಟರೆ 177 ಚಿಲ್ಲರೆ. ಎಷ್ಟೋ ದೀಪಾವಳಿಗಳ ಲಕ್ಷ್ಮೀಪೂಜೆಯಲ್ಲಿ ಕುಂಕುಮ ಹಚ್ಚಿ, ಹುಣಿಸೆಹಣ್ಣಿನಲ್ಲಿ ತಿಕ್ಕಿ, ವಿಕ್ಟೋರಿಯಾ ರಾಣಿಯ ಮೂಗು ಸವೆದು ಸಪಾಟಾಗಿತ್ತು. ಆ ಎರಡೂವರೆ ಗ್ರೇನ್ ಮೂಗಿನ ಲೆಕ್ಕಕ್ಕೆ ಹೋಯಿತು.

ಅಷ್ಟರಲ್ಲಿ ಹಿಂದೆಯೇ ಪಾಟೀಲನ ಹೆಂಡತಿ, ನಮ್ಮೆಲ್ಲರ ವೈನಿ, ಬಂದರು. "ದೇವ್ರ ರೂಪಾಯಿ ತಂದು ಗುಂಡಿನ ಜೋಡಿ ತೂಗ್ಲಿಕ್ಕತ್ತೀರೇನ್ರೀ?"

"ವೈನಿ, ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೇ ಹೂವಿಟ್ಟು ಪೂಜೆ ಮಾಡ್ತೀವಿ," ಅಂದ ಬೋಪಣ್ಣ, ಬಲು ವಿನಯದಿಂದ. "1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ಬೇಟೆ ಇಲ್ಲ. ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯೋದು."

"ತೆಂಗಿನಕಾಯಿಗೆ ಯಾವ ತೂಕದ ಗುಂಡು?" ಗೌಡರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ವೈನಿ ರೂಪಾಯಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೊರಟುಹೋದರು.

ತೊಲ ಸಿಕ್ಕ ಮೇಲೆ ಪಾಟೀಲ 180ರ ಪಕ್ಷ. ತೂಕ ಇದ್ದರೇ ಕಿಮ್ಮತ್ತು ಎನ್ನುವುದು ಅವನ ಮನೆತನದ ಸಿದ್ಧಾಂತ. ಭಟ್ಟರು 150ರ ಪಕ್ಷ. ಹಗುರ ಇದ್ದಷ್ಟೂ ವೇಗ. ಈ ಜಗಳ ಇವರಿಬ್ಬರು ಹುಟ್ಟಿಸಿದ್ದಲ್ಲ. ಅಮೆರಿಕದ ಬೇಟೆ ಪತ್ರಿಕೆಗಳಲ್ಲಿ ಜಾಕ್ ಓಕಾನರ್ ಎಂಬ ಮೇಷ್ಟ್ರೂ ಎಲ್ಮರ್ ಕೀತ್ ಎಂಬ ಐಡಾಹೊ ಕೌಬಾಯಿಯೂ ದಶಕಗಟ್ಟಲೆ ಇದೇ ಕುಸ್ತಿ ಆಡಿದರು. ಓಕಾನರ್‌ಗೆ 1925ರಲ್ಲಿ ಬಂದ .270 ವಿಂಚೆಸ್ಟರ್ ಎಂಬ ತೋಟೆ, ಅದರ 130 ಗ್ರೇನ್ ಗುಂಡು ಅಂದರೆ ಪ್ರಾಣ. ಕೀತ್‌ಗೆ 250 ಗ್ರೇನ್‌ಗಿಂತ ಕಡಿಮೆಯದು ಎಲ್ಕ್‌ಗೆ ಲಾಯಕ್ಕೇ ಅಲ್ಲ. ಕೊನೆಗೆ ಓಕಾನರ್ ಮನೆ ಮಾಡಿದ್ದೂ ಐಡಾಹೊದಲ್ಲೇ. ಒಂದೇ ರಾಜ್ಯದಲ್ಲಿದ್ದುಕೊಂಡು ಪತ್ರಿಕೆಯಲ್ಲಿ ಜಗಳವಾಡುವುದು ನಮ್ಮ ಸಾಹಿತಿಗಳಿಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದೆ.

"ಲೆಕ್ಕ ನೋಡಿ ಮಾರಾಯ್ರೆ," ಭಟ್ಟರು ಪೇಪರ್ ತಟ್ಟೆ ಬೋರಲು ಹಾಕಿ ಬರೆಯತೊಡಗಿದರು. "ಇದೇ ಕೋವಿಯಲ್ಲಿ 150 ಗ್ರೇನು ಸೆಕೆಂಡಿಗೆ 2900 ಅಡಿ ಹೋಗ್ತು. 180 ಗ್ರೇನು 2700. ಶಕ್ತಿ ಲೆಕ್ಕ ಹಾಕಿದ್ರೆ ಮೊದಲನೆಯದು 2800 ಅಡಿ-ಪೌಂಡು, ಎರಡನೆಯದು 2900."

"ಅಂದರೆ ಇಷ್ಟು ಹೊತ್ತು ಕಿತ್ತಾಡಿದ್ದು ನೂರು ಅಡಿ-ಪೌಂಡಿಗಾ?" ನಾನು ಕೇಳಿದೆ. ಇಬ್ಬರೂ ನನ್ನನ್ನೇ ದುರುಗುಟ್ಟಿದರು. ಒಳ್ಳೆಯ ಜಗಳದ ನಡುವೆ ಹೀಗೆ ಕೂಡಿ ಕಳೆಯುವವನು ಯಾರಿಗೂ ಬೇಡ.

ಬೋಪಣ್ಣ ಗಿರ್ಮಿಟ್ ಮುಗಿಸಿ ಕೈ ಒರೆಸಿಕೊಂಡ. "ತೂಕ ಆಮೇಲೆ. ಗುಂಡನ್ನ ಹೆಂಗೆ ಕಟ್ಟಿದ್ದಾರೆ ಅನ್ನೋದು ಮೊದಲು. ತೆಳು ತಾಮ್ರದ ಹೊದಿಕೆ, ಒಳಗೆ ಸೀಸ, ಇಂಥದ್ದು ಎಲ್ಕ್‌ನ ಭುಜದ ಮೂಳೆಗೆ ತಾಗಿದರೆ ಚೂರು ಚೂರು. ಆಗ ನಿಮ್ಮ ತೊಲ ಎಲ್ಲಿ ಉಳೀತು ಪಾಟೀಲ್ರೆ? ಚರ್ಮದ ಕೆಳಗೇ ಅರ್ಧ ತೊಲ ಖರ್ಚು."

"ಸವಕಳಿ," ಅಂದ ಪಾಟೀಲ ವಿಷಾದದಿಂದ. ಅಂಗಡಿಯ ಮಾತು ಅವನಿಗೆ ತಕ್ಷಣ ಹಿಡಿಸಿತು.

ಈ ಸವಕಳಿ ತಡೆದವನ ಕತೆಯನ್ನೂ ಬೋಪಣ್ಣನೇ ಹೇಳಿದ. 1946ರಲ್ಲಿ ಜಾನ್ ನಾಸ್ಲರ್ ಎಂಬಾತ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಎಂಬ, ಎಲ್ಕ್‌ಗಿಂತಲೂ ದೊಡ್ಡ ಜಿಂಕೆಯ ಬೇಟೆಗೆ ಹೋದ. ಮೂಸ್ ಮೈಗೆಲ್ಲ ಒಣಗಿದ ಕೆಸರು. ಗುಂಡುಗಳು ಹೊರಗೇ ಚದುರಿ ಒಳಕ್ಕಿಳಿಯಲೇ ಇಲ್ಲ. ಸಿಟ್ಟಿಗೆದ್ದ ನಾಸ್ಲರ್ ಮನೆಗೆ ಬಂದು ಗುಂಡಿನ ನಟ್ಟನಡುವೆ ಲೋಹದ ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಒಳಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಮಾರಾಟದಲ್ಲಿದೆ.

"ಪಾರ್ಟಿಷನ್ನಾ? ನಮ್ಮದೂ ಒಂದದೆ, ಕೋರ್ಟಲ್ಲಿ," ಗೌಡರು ನಿಟ್ಟುಸಿರುಬಿಟ್ಟರು. "ಅಲ್ಲಿ ಮುಂದಿನದೂ ಅರಳ್ನಿಲ್ಲ, ಹಿಂದಿನದೂ ನುಗ್ನಿಲ್ಲ."

ಬೋಪಣ್ಣ 165ರ ಡಬ್ಬಿಯಿಂದ ಒಂದು ತೆಗೆದು ನನ್ನ ಅಂಗೈಗೆ ಹಾಕಿದ. ಪೂರಾ ತಾಮ್ರ, ಸೀಸವೇ ಇಲ್ಲ. ಹೊಸ ತಂಬಿಗೆಯ ಬಣ್ಣ. ಮೈಸುತ್ತ ಉಗುರಿಗೆ ತಾಕುವಂಥ ಸಣ್ಣ ಗೀರುಗಳು, ಮೂತಿಯಲ್ಲಿ ಸೂಜಿತೂತು. ಆ ತೂತಿನಿಂದಲೇ ಅದು ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದಂತೆ, ಎಸಳು ಉದುರುವುದಿಲ್ಲವಂತೆ. ಸವಕಳಿ ಇಲ್ಲದ್ದರಿಂದ ಸೀಸದ 180 ಮಾಡುವ ಕೆಲಸವನ್ನು ತಾಮ್ರದ 165 ಮಾಡಿಬಿಡುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಚಿಪ್ಪಿನೊಳಗೆ ಮದ್ದಿನ ಜಾಗ ತಿನ್ನುತ್ತದೆ. 180ರಿಂದ 165ಕ್ಕೆ ಒಂದು ಮೆಟ್ಟಿಲು ಇಳಿಯುವುದಕ್ಕೆ ಅದೂ ಒಂದು ಕಾರಣ.

"ತಿನ್ನೋರಿಗೂ ಇದೇ ಒಳ್ಳೇದು. ಬಾಡಲ್ಲಿ ಸೀಸದ ಚೂರು ಸಿಗಲ್ಲ," ಅಂದ. ಕ್ಯಾಲಿಫೋರ್ನಿಯಾದಲ್ಲಂತೂ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಬೇಟೆಗಾರರು ಬಿಟ್ಟುಹೋದ ಕರುಳಿನ ಜೊತೆ ಸೀಸದ ಚೂರೂ ತಿಂದು ಅಲ್ಲಿನ ಕಾಂಡರ್ ಹದ್ದುಗಳು ಸಾಯುತ್ತಿದ್ದವು.

"ಸರಕಾರ ಏನನ್ನುತ್ತೆ?" ನನ್ನ ಬೆಂಗಳೂರು ಬುದ್ಧಿ, ಪರ್ಮಿಷನ್ ಇಲ್ಲದೆ ನಿದ್ದೆ ಬರುವುದಿಲ್ಲ.

"ಕೊಲೊರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ 85 ಗ್ರೇನು, ಅರಳೋ ಗುಂಡೇ ಆಗಬೇಕು, ನೂರು ಗಜದಲ್ಲಿ 1000 ಅಡಿ-ಪೌಂಡು ಉಳಿದಿರಬೇಕು. ಮೈಮೇಲೆ ಕಣ್ಣಿಗೆ ಹೊಡೆಯೋ ಕಿತ್ತಳೆ ಬಟ್ಟೆ, ಇಲ್ಲಾಂದ್ರೆ ಗುಲಾಬಿ."

"ಗುಲಾಬಿ?"

"ಹ್ಞೂಂ. ಎಲ್ಕ್‌ಗೆ ಆ ಬಣ್ಣ ಹೊಳೆದು ಕಾಣಲ್ಲ. ಕಾಣಬೇಕಾಗಿರೋದು ಇನ್ನೊಬ್ಬ ಬೇಟೆಗಾರನಿಗೆ."

ಕೊನೆಗೆ ಯಾವ ತೂಕ ಅನ್ನುವ ತೀರ್ಮಾನ ನಮ್ಮ ಯಾರ ಕೈಯಲ್ಲೂ ಇರಲಿಲ್ಲ ಅನ್ನಿ. ಬೋಪಣ್ಣ ಕಪಾಟಿನಿಂದ ಎರಡು ಹಾಳೆ ತೆಗೆದು ಗೋಡೆಗೆ ಅಂಟಿಸಿದ. ಹಿಂದಿನ ವಾರ ನೂರು ಗಜದಲ್ಲಿ ಗುರಿ ಹೊಡೆದ ಹಾಳೆಗಳು. 180ರ ತೂತುಗಳು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳು. 165ರ ಮೂರು ತೂತೂ ಒಂದು ರೂಪಾಯಿ ಬಿಲ್ಲೆಯ ಅಡಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರ. ಅದೇ ಕೋವಿ, ಅದೇ ಭುಜ. "ಪ್ರತಿ ನಳಿಗೆಗೂ ಒಂದು ನಾಲಿಗೆ ಇರುತ್ತೆ. ಅದಕ್ಕೆ ರುಚಿಸಿದ್ದು ಹಾಕಬೇಕು. ಮುಂಗಾಲಿನ ಹಿಂದೆ, ಪುಪ್ಪುಸಕ್ಕೆ ಸರಿಯಾಗಿ ಬಿದ್ದರೆ 165 ಸಾಕು. ಹೊಟ್ಟೆಗೆ ಬಿದ್ದರೆ 250 ಹಾಕಿದ್ರೂ ರಾತ್ರಿಯಿಡೀ ರಕ್ತದ ಜಾಡು ಹುಡುಕ್ತಾ ಅಲೀಬೇಕು."

ಭಟ್ಟರು ತಟ್ಟೆಯನ್ನು ಮಡಚಿ ಜೇಬಿಗಿಟ್ಟರು. ಮುಂದಿನ ವರ್ಷಕ್ಕೆ ಬೇಕಲ್ಲ.

"ತೂಕದ ವಿಷಯ ಬಂತಲ್ಲ, ಒಂದು ಹೇಳ್ತೀನಿ," ಬೋಪಣ್ಣ ನಮ್ಮನ್ನೆಲ್ಲ ಒಮ್ಮೆ ನೋಡಿದ. "ಮೀಕರ್ ಹತ್ತಿರದ ಫ್ಲ್ಯಾಟ್ ಟಾಪ್ಸ್ ಬೆಟ್ಟಕ್ಕೆ ಹೋಗೋದು. ಹತ್ತು ಸಾವಿರ ಅಡಿ ಎತ್ತರ, ಅಲ್ಲಿ ಜೀಪ್ ಹತ್ತಲ್ಲ. ತಿನ್ನೋ ಬಾಡನ್ನ ಕಾಡಲ್ಲಿ ಬಿಟ್ಟು ಬರೋದು ಅಪರಾಧ. ಮೂಳೆ ಬಿಡಿಸಿದ ಮೇಲೂ ನೂರು ಕಿಲೋ ಹತ್ತಿರ ಬೆನ್ನ ಮೇಲೆ ಹೊತ್ತು ಇಳಿಸಬೇಕು. ಯಾರ್ಯಾರು ಬರ್ತೀರಿ?"

ಗ್ಯಾರೇಜಿನಲ್ಲಿ ಫ್ರಿಜ್ಜಿನ ಸದ್ದು ಕೇಳಿಸಿತು. ಪಾಟೀಲನಿಗೆ ಸೊಂಟದ ನೋವು ನೆನಪಾಯಿತು. ಭಟ್ಟರು ಯಾವ ದಿನ ಎಂದು ಕೇಳುವ ಮೊದಲೇ ಅವತ್ತು ಏಕಾದಶಿ ಎಂದರು. ನಾನು ಆಫೀಸ್ ಫೋನ್ ತೆಗೆದು ಬಹಳ ಗಂಭೀರವಾಗಿ ನೋಡತೊಡಗಿದೆ.

ಗೌಡರು ಮಾತ್ರ ಕದಲಲಿಲ್ಲ. "ಹಿಂದಿನ ತೊಡೆ ಒಂದು ಎಷ್ಟು ತೂಗ್ತದೆ?"

"ಮೂಳೆ ಸಮೇತ ಇಪ್ಪತ್ತೈದು ಮೂವತ್ತು ಕಿಲೋ."

ಗೌಡರು ಲೆಕ್ಕ ಹಾಕಿದರು. "ಹೊರ್ತೀನಿ. ಮೂಳೆ ಮಾತ್ರ ಬಿಡಿಸ್ಬೇಡಿ, ಸಾರಿಗೆ ಬೇಕು."