ಅಪ್‌ಡೇಟ್: 'ಲೆಫ್ಟ್' ಅಂದರೆ ಹೊರಟದ್ದಾ, ಬಿಟ್ಟದ್ದಾ, ಉಳಿದದ್ದಾ?

ಹೋದ ವಾರ ಕೇಳಿದ್ದೆ: ಅಣ್ಣ ಮೈಸೂರಿಗೆ ಹೊರಟ ಅನ್ನೋದಕ್ಕೆ ಮಗಳು 'ಹಿ ಲೆಫ್ಟ್ ಮೈಸೂರು' ಅಂತ ಬರೆದಿದ್ದಳು, ಟೀಚರ್ ಕೆಂಪು ಗೆರೆ ಎಳೆದಿದ್ದರು. ತಪ್ಪೇನು ಅಂತ ನನಗೆ ಗೊತ್ತಾಗಿರಲಿಲ್ಲ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

ಈಗ ಅರ್ಥವಾಯ್ತು. 'ಲೆಫ್ಟ್ ಮೈಸೂರು' ಅಂದರೆ ಮೈಸೂರು ಬಿಟ್ಟ. 'ಲೆಫ್ಟ್ ಫಾರ್ ಮೈಸೂರು' ಅಂದರೆ ಮೈಸೂರಿಗೆ ಹೊರಟ. ಒಂದು 'ಫಾರ್' ಬಿಟ್ಟುಹೋದರೆ ದಿಕ್ಕೇ ಬದಲಾಗುತ್ತದೆ! ಕನ್ನಡದಲ್ಲಿ ಆ ಕೆಲಸವನ್ನು 'ಇಗೆ' ಪ್ರತ್ಯಯ ಮಾಡುತ್ತದೆ, ಅಲ್ವಾ.

ಮಗಳಿಗೆ ನಮ್ಮ 'ಬಿಡು'ವಿನಿಂದಲೇ ಹೇಳಿಕೊಟ್ಟೆ. ಬಸ್ ಬಿಡ್ತು, ಕೆಲಸ ಬಿಟ್ಟ, ಕೊಡೆಯನ್ನು ಬಸ್ಸಲ್ಲೇ ಬಿಟ್ಟು ಬಂದೆ. ಮೂರಕ್ಕೂ ಇಂಗ್ಲಿಷ್‌ನಲ್ಲಿ 'ಲೆಫ್ಟ್' ಸಾಕು. ತಕ್ಷಣ ಹಿಡಿದಳು. ಆದರೆ ಕೊಡೆ ಮರೆತದ್ದಕ್ಕೆ 'ಐ ಫರ್ಗಾಟ್ ಮೈ ಅಂಬ್ರೆಲಾ ಇನ್ ದ ಬಸ್' ಅಂತ ನಾನೂ ಹೇಳುತ್ತಿದ್ದೆ. ಎಲ್ಲಿ ಅಂತ ಜಾಗ ಹೇಳುವಾಗ 'ಲೆಫ್ಟ್' ಸರಿ.

'ಉಳಿದಿದೆ' ಅನ್ನೋ ಅರ್ಥ ಮಾತ್ರ 'ಬಿಡು'ವಿಗೆ ಹೊಂದಲ್ಲ. ತಟ್ಟೆಯಲ್ಲಿ ಎರಡು ಇಡ್ಲಿ ಇತ್ತು. 'ಟೂ ಇಡ್ಲೀಸ್ ಆರ್ ಲೆಫ್ಟ್' ಅಂದೆ. ಒಂದು ತಿಂದು, 'ವನ್ ಇಡ್ಲಿ ಈಸ್ ಲೆಫ್ಟ್' ಅಂದಳು.

ಎಡಗಡೆಯ 'ಲೆಫ್ಟ್' ಬಗ್ಗೆಯೂ ಕೇಳಿದ್ದೆ. ಅದು ಬೇರೆಯೇ ಪದವಂತೆ. ಹಳೆಯ ಇಂಗ್ಲಿಷ್‌ನಲ್ಲಿ ಅದರ ಮೂಲ ಅರ್ಥ 'ದುರ್ಬಲ'. 'ಲೀವ್' ಕ್ರಿಯಾಪದಕ್ಕೂ ಅದಕ್ಕೂ ನಂಟಿಲ್ಲ.

ನಿನ್ನೆ ಅದೇ ವಾಕ್ಯ ತಿದ್ದಿ ಬರೆದಳು. 'ಫಾರ್' ಕೆಳಗೆ ತಾನೇ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾಳೆ.