ರೆಕ್ಕೆ ಹರಡಿ ಕೂತ ಹಕ್ಕಿಗೆ ಗಾಯವಾಗಿದೆಯಾ?

ಪ್ರಶ್ನೆ: ಮೇಡಂ, ನೀವು ಪಕ್ಷಿಗಳ ಡಾಕ್ಟರ್ ಅಂತ ಇಲ್ಲಿ ಕೇಳುತ್ತಿದ್ದೇನೆ. ಬೆಳಿಗ್ಗೆ ಹೆಬ್ಬಾಳ ಕೆರೆ ಹತ್ತಿರ ವಾಕಿಂಗ್ ಹೋಗಿದ್ದೆ. ಒಣಗಿದ ಕೊಂಬೆ ಮೇಲೆ ಒಂದು ಕಪ್ಪು ಹಕ್ಕಿ ಎರಡೂ ರೆಕ್ಕೆ ಹರಡಿಕೊಂಡು ಕೂತಿತ್ತು. ಎಷ್ಟು ಹೊತ್ತಾದರೂ ಮಡಚಲೇ ಇಲ್ಲ. ಗಾಯವಾಗಿದೆಯಾ?

ಉತ್ತರ: ಗಾಬರಿ ಬೇಡ, ಅದು ನೀರುಕಾಗೆ. ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಅದರ ಗರಿಯ ಅಂಚು ನೀರಲ್ಲಿ ನೆನೆಯುತ್ತದೆ, ನಡುಭಾಗ ನೆನೆಯುವುದಿಲ್ಲ. ಗರಿಗಳ ನಡುವೆ ಜಾಸ್ತಿ ಗಾಳಿ ಇದ್ದರೆ ಹಕ್ಕಿ ಬೆಂಡಿನ ಹಾಗೆ ತೇಲುತ್ತದೆ. ಮೀನು ಬೇಕಾದರೆ ಮುಳುಗಬೇಕು ಅಲ್ವಾ? ಅಂಚು ನೆನೆದಾಗ ಒಂದಷ್ಟು ಗಾಳಿ ಹೊರಗೆ ಹೋಗುತ್ತದೆ, ಮುಳುಗುವುದು ಸುಲಭ. ಒಳಗೆ ಒಣಗಿಯೇ ಇರುವುದರಿಂದ ಮೈ ಬೆಚ್ಚಗಿರುತ್ತದೆ. ಕಾಲನ್ನೂ ನೋಡಿ: ನಾಲ್ಕೂ ಬೆರಳನ್ನು ಸೇರಿಸಿ ಒಂದೇ ಪೊರೆ. ಬಾತುಕೋಳಿಗೆ ಮುಂದಿನ ಮೂರು ಬೆರಳಿಗೆ ಮಾತ್ರ.

ಇನ್ನೊಬ್ಬರ ಪ್ರಶ್ನೆ: ಬಾತುಕೋಳಿ ಅಂದಿದ್ದಕ್ಕೆ ಕೇಳುತ್ತಿದ್ದೇನೆ. ನಮ್ಮ ಬಾತುಕೋಳಿಗೆ ಕೆಸರು ಮೆತ್ತಿತ್ತು ಅಂತ ನಿನ್ನೆ ಶಾಂಪೂ ಹಾಕಿ ತೊಳೆದೆ. ತೊಟ್ಟಿಗೆ ಬಿಟ್ಟರೆ ಅರ್ಧ ಮುಳುಗಿತು, ನಡುಗುತ್ತಾ ಹೊರಗೆ ಬಂತು. ಏನಾಯ್ತು ಮೇಡಂ?

ಉತ್ತರ: ಅಯ್ಯೋ ಪಾಪ. ಬಿದ್ದ ಗರಿ ಒಂದನ್ನು ಎತ್ತಿಕೊಂಡು ಅಂಚನ್ನು ಸ್ವಲ್ಪ ಬಿಡಿಸಿ. ಸೀಳಿದ ಹಾಗೆ ಬಿಟ್ಟುಕೊಳ್ಳುತ್ತದೆ. ಈಗ ಎರಡು ಬೆರಳಲ್ಲಿ ಬುಡದಿಂದ ತುದಿಗೆ ಸವರಿ. ಜಿಪ್ ಎಳೆದ ಹಾಗೆ ಮತ್ತೆ ಕೂಡಿಕೊಳ್ಳುತ್ತದೆ. ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ನೀರನ್ನು ತಡೆಯುವುದು ಮುಖ್ಯವಾಗಿ ಈ ಹೆಣಿಗೆಯೇ. ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಬಾತುಕೋಳಿ ಕೊಕ್ಕಿನಲ್ಲಿ ಎಣ್ಣೆ ತೆಗೆದು ಮೈಗೆಲ್ಲ ಸವರಿಕೊಳ್ಳುತ್ತದೆ. ಅದರಿಂದ ಗರಿ ಒರಟಾಗದೆ, ಮುರಿಯದೆ ಇರುತ್ತದೆ. ಶಾಂಪೂ ಆ ಎಣ್ಣೆಯನ್ನು ತೆಗೆದುಬಿಡುತ್ತದೆ. ಗರಿಯಲ್ಲಿ ಸೋಪು ಉಳಿದರೆ ನೀರು ಸಲೀಸಾಗಿ ಒಳಗೆ ನುಗ್ಗುತ್ತದೆ.

ಉಗುರು ಬೆಚ್ಚಗಿನ ಬರೀ ನೀರಲ್ಲಿ ಸೋಪೆಲ್ಲ ಹೋಗುವಂತೆ ತೊಳೆಯಿರಿ. ಬೆಚ್ಚಗಿನ ಜಾಗದಲ್ಲಿಡಿ. ಬೆನ್ನ ಮೇಲೆ ಹಾಕಿದ ನೀರು ಮುತ್ತಿನ ಹಾಗೆ ಉರುಳುವ ತನಕ ತೊಟ್ಟಿಗೆ ಬಿಡಬೇಡಿ. ನಡುಕ ನಿಲ್ಲದಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಬೆಳ್ಳಂದೂರು ಕೆರೆಯ ನೊರೆ ನೀವೆಲ್ಲ ನೋಡಿರುತ್ತೀರಿ. ಬಟ್ಟೆ ಪಾತ್ರೆ ತೊಳೆದ ನೀರು ಕೆರೆ ಸೇರಿದರೆ ನನಗೆ ಸಂಕಟವಾಗುವುದು ಇದಕ್ಕೇ. ಅಲ್ಲಿನ ಹಕ್ಕಿಗೆ ಬರೀ ನೀರು ಹಾಕಿ ತೊಳೆಯುವವರು ಯಾರಿದ್ದಾರೆ?

ಮೊದಲನೆಯವರು: ಹಾಗಾದರೆ ನಿಜವಾಗಿ ಗಾಯ ಆಗಿದ್ದರೆ ಹೇಗೆ ಗೊತ್ತಾಗುತ್ತೆ ಮೇಡಂ?

ಉತ್ತರ: ಒಂದೇ ರೆಕ್ಕೆ ಜೋತುಬಿದ್ದಿದ್ದರೆ, ಹತ್ತಿರ ಹೋದರೂ ಹಾರದಿದ್ದರೆ ಅನುಮಾನ ಪಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಾಗಿರುವ ಹಾಗೆ ಇಟ್ಟು, ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ. ಬಾಯಿಗೆ ಮಾತ್ರ ನೀರು ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ.