ಮೂರು ಬೇಸ್, ಒಂದೇ ಫ್ಲಾಟ್ ಸೆಟ್ ಸಾಕಾ? ಪಿಕಪ್ಪೂ ಬದಲಿಸಬೇಕಾ?

ಕೇಳಿದವರು: ಸರಸ್ವತೀಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ಭಾನುವಾರ ಚರ್ಚಲ್ಲಿ, ಗಣೇಶನ ಹಬ್ಬದಿಂದ ದಸರಾವರೆಗೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ. ಮನೇಲಿ ಮೂರಿವೆ: ಫೆಂಡರ್ ಕಂಪನಿಯ ಪಿ-ಬೇಸ್ (ಪ್ರಿಸಿಷನ್ ಬೇಸ್) ಮಾದರಿಯದು, ಅವರದೇ ಜಾಝ್ ಬೇಸ್ ಮಾದರಿಯದು, ಅಣ್ಣ ಬಿಟ್ಟುಹೋದ 30 ಇಂಚಿನ ಶಾರ್ಟ್ ಸ್ಕೇಲ್, ಅಂದ್ರೆ ತಂತಿ ನುಡಿಯೋ ಉದ್ದ ಕಡಿಮೆ ಇರೋದು. ಮೂರಕ್ಕೂ ಈಗ ಇರೋದು ರೌಂಡ್‌ವೌಂಡ್ (ದುಂಡು ಸುತ್ತಿನ) ತಂತಿ. ಹಳೇ ಹಾಡುಗಳಿಗೆ ಆ ಗುಂಡು ಗುಂಡಾದ ದನಿ ಬರ್ತಿಲ್ಲ, ಬೆರಳು ಜಾರಿಸಿದಾಗಲೆಲ್ಲ ಕೀರ್ ಅನ್ನುತ್ತೆ. ಮೂರಕ್ಕೂ ಒಂದೇ ಥರದ ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ) ತಂತಿ ತರಿಸಲಾ? ಒಂದು ಅಂಗಡೀಲಿ "ಫ್ಲಾಟ್ ಹಾಕಿದ್ರೆ ಪಿಕಪ್ಪೂ (ತಂತಿ ಕೆಳಗೆ ಸದ್ದು ಹಿಡಿಯೋ ಅಯಸ್ಕಾಂತದ ಭಾಗ) ಬದಲಿಸಲೇಬೇಕು" ಅಂದ್ರು. ಹಾಕಿ ನೋಡಿದವರು ದಯವಿಟ್ಟು ಹೇಳಿ.

ಕುವೆಂಪುನಗರ, ಪಿ-ಬೇಸ್

ಬದಲಿಸಬೇಕಾಗಿಲ್ಲ ಸರ್. ಮೊದಲು ತಂತಿ, ಆಮೇಲೆ ಸ್ಕ್ರೂಡ್ರೈವರ್, ಅದೂ ಆಗದಿದ್ದರೆ ಪಿಕಪ್. ನಾನು ಇದನ್ನ ತಲೆಕೆಳಗಾಗಿ ಮಾಡಿ ದುಡ್ಡು ಕಳ್ಕೊಂಡವನು. ಪಿ-ಬೇಸಿಗೆ ಸೀಮೋರ್ ಡಂಕನ್ ಕಂಪನಿಯ ಕ್ವಾರ್ಟರ್ ಪೌಂಡ್ ಪಿಕಪ್ ಹಾಕಿಸ್ದೆ. ಕಾಲಿಂಚು ದಪ್ಪದ ಪೋಲ್‌ಪೀಸ್ (ಪಿಕಪ್ ಮೇಲೆ ಕಾಣೋ ಅಯಸ್ಕಾಂತದ ಗುಂಡಿಗಳು), ಜೋರು ಔಟ್‌ಪುಟ್. ರೌಂಡ್ ತಂತಿ ಇರೋವರೆಗೂ ಖುಷಿಯಾಗಿತ್ತು. ಅದರ ಮೇಲೆ ಫ್ಲಾಟ್ ಹಾಕಿದೆ ನೋಡಿ, ಕಂಬಳಿ ಹೊದ್ದು ಮಾತಾಡಿದ ಹಾಗಾಯ್ತು. ಡಬ್ಬೀಲಿ ಬಿದ್ದಿದ್ದ ಹಳೇ ಪಿಕಪ್ಪನ್ನೇ ವಾಪಸ್ ಬೆಸುಗೆ ಹಾಕಿಸ್ದೆ, ಬೇಕಾಗಿದ್ದ ದನಿ ಅದರಲ್ಲೇ ಇತ್ತು.

ಕಾರಣ ಸರಳ. ರೌಂಡ್‌ನಲ್ಲಿ ಒಳಗಿನ ಉಕ್ಕಿನ ತಂತಿ ಮೇಲೆ ದುಂಡು ತಂತಿ ಸುತ್ತಿರ್ತಾರೆ, ಫ್ಲಾಟ್‌ನಲ್ಲಿ ಚಪ್ಪಟೆ ಪಟ್ಟಿ. ಹಾಗಾಗಿ ಝಣಝಣ ಅನ್ನೋ ಮೇಲಿನ ಅಂಶ ಬೇಗ ಸಾಯುತ್ತೆ, ಮೂಲ ಸ್ವರ ಉಳಿಯುತ್ತೆ. ತಂತೀಲಿ ಇಲ್ಲದ ದನಿಯನ್ನ ಪಿಕಪ್ ಎಲ್ಲಿಂದ ತರುತ್ತೆ? ಇನ್ನೊಂದು ಮಾತು. ಫೆಂಡರ್‌ನವರು ಪಿ-ಬೇಸಿಗೆ ಎರಡು ತುಂಡಿನ ಪಿಕಪ್ ತಂದದ್ದು 1957ರಲ್ಲಿ. ಆಗ ಬೇಸಿಗೆ ಹಾಕ್ತಿದ್ದದ್ದೇ ಫ್ಲಾಟ್, ರೌಂಡ್‌ವೌಂಡ್ ಜೋರಾಗಿದ್ದು 60ರ ದಶಕದಲ್ಲಿ. ಅಂದ್ರೆ ಆ ಪಿಕಪ್ಪಿನ ಕಿವಿ ಹದಗೊಂಡಿದ್ದೇ ಫ್ಲಾಟ್ ಕೇಳಿ. ಅದಕ್ಕೆ ನಿಮ್ಮ ಅಂಗಡಿಯವರ ಮಾತು ಕೇಳಿ ನಗು ಬಂತು.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸ್ತಿದ್ದದ್ದು 1962ರ ಪಿ-ಬೇಸ್, ಲಾ ಬೆಲ್ಲಾ ಕಂಪನಿಯ ಫ್ಲಾಟ್ ತಂತಿ. ತಂತಿ ತುಂಡಾದ್ರೆ ಮಾತ್ರ ಬದಲಿಸ್ತಿದ್ದರಂತೆ, ಬ್ರಿಡ್ಜ್ (ತಂತಿ ಬುಡ ಕೂರೋ ಭಾಗ) ಮುಚ್ಚಳದ ಕೆಳಗೆ ಸ್ಪಂಜು ಬೇರೆ. ಆದ್ರೆ ಅವರ ಹೆಸರಲ್ಲಿ ಬರೋ 52-110 ಸೆಟ್‌ಗೆ (ಸಣ್ಣ ತಂತಿಯಿಂದ ದಪ್ಪ ತಂತಿವರೆಗಿನ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಮೊದಲನೇ ಸಲವೇ ಕೈ ಹಾಕ್ಬೇಡಿ. ತಂತಿ ನಟ್‌ನ (ಕೀಗಳ ಕಡೆ ತಂತಿ ಕೂರೋ ಪಟ್ಟಿ) ಕಚ್ಚಿನಲ್ಲಿ ಕೂರೋದಿಲ್ಲ, ಅರ ಹಾಕಿ ಉಜ್ಜಬೇಕಾಗುತ್ತೆ, ನೆಕ್ಕೂ (ಬೆರಳಿಡೋ ಉದ್ದ ಹಿಡಿ) ಬಾಗುತ್ತೆ. ಅದೇ ಕಂಪನಿಯ ಡೀಪ್ ಟಾಕಿಂಗ್ 45-105 ಸಾಕು.

ಹಾಕಿದ ಮೇಲೆ ಪಿಕಪ್ ಎತ್ತರ ನೋಡಿ. ಕೊನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಹತ್ರ ತಂತಿ ಒತ್ತಿ ಹಿಡಿದು, ತಂತಿಗೂ ಪೋಲ್‌ಪೀಸಿಗೂ ನಡುವೆ ಹಳೇ ಎಟಿಎಂ ಕಾರ್ಡ್ ತೂರಿಸಿ. ನಾಲ್ಕು ಕಾರ್ಡ್ ಅಂದ್ರೆ ಸುಮಾರು 3 ಮಿ.ಮೀ., ದಪ್ಪ ಇ ತಂತಿ ಕಡೆ ಅಲ್ಲಿಂದ ಶುರು ಮಾಡಿ. ತೆಳು ಜಿ ತಂತಿ ಕಡೆ ಮೂರು ಕಾರ್ಡ್. ಆಮೇಲೆ ಕಿವಿ ಹೇಳಿದಂಗೆ ಅರ್ಧ ಅರ್ಧ ಸುತ್ತು.

ಮಂಡ್ಯ, ಆರ್ಕೆಸ್ಟ್ರಾ, ಜಾಝ್ ಬೇಸ್

ಅಣ್ಣಾ, ಪಿ-ಬೇಸ್ ಕತೆ ಜಾಝ್‌ಗೆ ನಡೆಯಾಕಿಲ್ಲ ಕಣಣ್ಣ. ನಾನು ಅದೇ ಲಾ ಬೆಲ್ಲಾನ ಜಾಝ್‌ಗೆ ಹಾಕ್ದೆ. ಬ್ರಿಡ್ಜ್ ಕಡೆ ಪಿಕಪ್‌ನ ಆ ಮೂಗಿನ ದನಿ ಐತಲ್ಲ, ಅದಕ್ಕೇ ತಾನೇ ಜನ ಜಾಝ್ ಬೇಸ್ ತಗೊಳ್ಳೋದು, ಅದೇ ಮಾಯ. ಕೀಬೋರ್ಡ್‌ನವನು "ಎಲ್ಲಿದ್ದೀಯಪ್ಪಾ ನೀನು" ಅಂದ. ಆಮೇಲೆ ಡಿಅಡ್ಡಾರಿಯೊ ಕ್ರೋಮ್ಸ್ 45-100 ತರಿಸ್ದೆ. ಫ್ಲಾಟೇ, ಆದ್ರೆ ಹೊಳಪು ಜಾಸ್ತಿ. ಮೊದಲ ಎರಡು ವಾರ ರೌಂಡ್ ಇದ್ದಂಗೇ ಇತ್ತು, ಮೋಸ ಹೋದೆ ಅನ್ಕೊಂಡೆ. ನುಡಿಸ್ತಾ ನುಡಿಸ್ತಾ ಇಳೀತು. ಬೆರಳಿಗೆ ಮಾತ್ರ ಗಟ್ಟಿ, ಮೊದಲೇ ಹೇಳಿರ್ತೀನಿ.

ಇನ್ನೂ ತೆರೆದ ದನಿ ಬೇಕಾದ್ರೆ ಪಿಕಪ್ ಮುಟ್ಟಬ್ಯಾಡಿ. ನಾಬ್ ಕೆಳಗೆ ಒಳಗಿರೋ 250ಕೆ ಪಾಟ್ (ಸದ್ದು ಹೆಚ್ಚು ಕಮ್ಮಿ ಮಾಡೋ ಭಾಗ, 250 ಕಿಲೋ ಓಮ್) ತೆಗೆದು 500ಕೆ ಹಾಕ್ಸಿ, ಮೇಲಿನ ಸದ್ದು ನೆಲಕ್ಕೆ ಹರಿದು ಹೋಗೋದು ಕಮ್ಮಿ ಆಯ್ತದೆ. ಟಿವಿ ರಿಪೇರಿಯವನೂ ಮಾಡಿಕೊಡ್ತಾನೆ. ಜಾಸ್ತಿ ಆಯ್ತು ಅನಿಸಿದ್ರೆ ಟೋನ್ ನಾಬ್ ಇದ್ದೇ ಐತೆ.

ನಮಗೆ ಊರ ಹಬ್ಬದಾಗೆ ಇನ್ನೊಂದು ಕಾಟ. ಜನರೇಟರ್ ಕರೆಂಟು, ತಲೆ ಮ್ಯಾಲೆ ಸೀರಿಯಲ್ ಸೆಟ್ಟು, ಜಾಝ್‌ಗೆ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪು, ಕರೆಂಟಿನ ಗುಂಯ್ ಸದ್ದು ಹಿಡೀತವೆ. ಎರಡೂ ವಾಲ್ಯೂಮ್ ಪೂರ್ತಿ ತೆರೆದಿದ್ರೆ ಗುಂಯ್ ಅನ್ನೋದು ಒಂದಕ್ಕೊಂದು ಹೊಡೆದು ಹೋಯ್ತದೆ. ಒಂದನ್ನ ಸ್ವಲ್ಪ ಇಳಿಸಿದ್ರೆ ಸಾಕು, ಹಾಡಿಗಿಂತ ಮುಂಚೆ ಅದೇ ಶುರು. ಒಳಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್ ಕೊಟ್ಟೆ, ಮುಕ್ಕಾಲು ಪಾಲು ನಿಂತೋಯ್ತು. ಪಿ-ಬೇಸ್‌ನವರಿಗೆ ಈ ಗೋಳಿಲ್ಲ, ಪಿಕಪ್‌ನ ಎರಡು ತುಂಡೂ ಸೇರಿ ಆ ಗುಂಯ್‌ನ ತಾವೇ ಕೊಲ್ತವೆ.

ಶ್ರೀರಂಗಪಟ್ಟಣ

ಶಾರ್ಟ್ ಸ್ಕೇಲಿಗೆ ಶಾರ್ಟ್ ಸ್ಕೇಲ್ ಸೆಟ್ಟೇ ತಗೊಳ್ಳಿ. ನಾನು 34 ಇಂಚಿನ ಸೆಟ್ ತಂದು ಉಳಿದದ್ದನ್ನ ಕತ್ತರಿಸಿದ್ರಾಯ್ತು ಅನ್ಕೊಂಡೆ. ಪಕ್ಕಡ್ ಹಿಡಿದು ಇ ತಂತಿಯನ್ನ ಕಟ್ ಮಾಡಿದ್ದೇ ತಡ, ತುದಿಯಿಂದ ಚಪ್ಪಟೆ ಪಟ್ಟಿ ಸಡಿಲ ಆಗ್ತಾ ಹೋಯ್ತು. ಶ್ರುತಿ ಮಾಡೋ ಕೀಗೆ ಸುತ್ತಿ ಬಿಗಿ ಮಾಡಿದ್ರೆ ದಬ್ ಅಂತ ಸತ್ತ ಸದ್ದು. ಹೊಸ ತಂತಿ, ಒಂದೇ ಒಂದು ಹಾಡು ನುಡಿಸ್ಲಿಲ್ಲ. ಮೊದಲು ಕೀ ಹತ್ರ ತೊಂಬತ್ತು ಡಿಗ್ರಿ ಮಡಚಬೇಕಂತೆ, ಆಮೇಲೇ ಕತ್ತರಿ. ದುಡ್ಡು ಹೋದ್ಮೇಲೆ ತಿಳೀತು.

ಕೊಳ್ಳೋಕೆ ಮುಂಚೆ ಬ್ರಿಡ್ಜ್‌ನಲ್ಲಿ ತಂತಿ ತುದಿಯ ಗುಂಡು ಕೂರೋ ಜಾಗದಿಂದ ನಟ್‌ವರೆಗೆ ಟೇಪಲ್ಲಿ ಅಳೀರಿ. ದಪ್ಪ ಸುತ್ತು ನಟ್ ದಾಟಬೇಕು, ತುದಿಯ ಬಣ್ಣದ ರೇಷ್ಮೆ ನಟ್‌ಗೂ ಕೀಗೂ ನಡುವೆ ಶುರುವಾಗಬೇಕು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಡೀತಿದ್ದ ಹೋಫ್ನರ್ ಬೇಸ್ ಕೂಡ 30 ಇಂಚಿಂದೇ, ಅದರ ಗುಬ್‌ಗುಬ್ ದನಿ ಫ್ಲಾಟ್‌ದೇ. ನೆಕ್ ಕಡೆ ಪಿಕಪ್ ಜೋರಾಗಿ ಮಂಕಾದ್ರೆ ಅದನ್ನ ಕೆಳಗಿಳಿಸಿ.

ಜಯಲಕ್ಷ್ಮೀಪುರಂ, ಫ್ರೆಟ್‌ಲೆಸ್

ನಾನು ವೀಣೆಯಿಂದ ಬೇಸಿಗೆ ಬಂದವಳು. ಜಾರು ನುಡಿಸೋಕೆ ಅಂತಲೇ ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ) ಜಾಝ್ ಬೇಸ್ ತಗೊಂಡೆ. ಅದಕ್ಕೆ ಥೊಮಾಸ್ಟಿಕ್ ಕಂಪನಿಯ ಜಾಝ್ ಫ್ಲಾಟ್ಸ್ ತಂತಿ, 43-100. ನಿಕ್ಕಲ್ ಸುತ್ತು, ಬಿಗಿ ಕಡಿಮೆ. ಬೆಲೆ ಕೇಳಿದ್ರೆ ಮನೆಯಲ್ಲಿ ಜಗಳ ಆಗುತ್ತೆ, ಆದ್ರೆ ನಾಲ್ಕು ವರ್ಷದಿಂದ ಅದೇ ಸೆಟ್ ಇದೆ, ಬೆರಳಿನ ಬೆವರು ಹಳೇ ಪಂಚೆ ತುಂಡಲ್ಲಿ ಒರೆಸಿಡ್ತೀನಿ ಅಷ್ಟೆ. ಬೀಟೆ ಮರದ ಹಲಗೆ ಮೇಲೆ ಒಂದು ಗೆರೆಯೂ ಬಿದ್ದಿಲ್ಲ. ಫ್ರೆಟ್‌ಲೆಸ್‌ಗೆ ಹೆಸರಾದ ಜಾಕೊ ಪ್ಯಾಸ್ಟೋರಿಯಸ್ ರೌಂಡ್ ಹಾಕ್ತಿದ್ರು ನಿಜ, ಆದ್ರೆ ಹಲಗೆ ಸವೆಯದ ಹಾಗೆ ಎಪಾಕ್ಸಿ ಅನ್ನೋ ಗಟ್ಟಿ ಲೇಪ ಬಳಿದಿದ್ರು.

ಬಿಗಿ ಬದಲಾದ್ರೆ ನೆಕ್ ಕೂಡ ಬದಲಾಗುತ್ತೆ ಅನ್ನೋದು ಮರೀಬೇಡಿ. ಥೊಮಾಸ್ಟಿಕ್ ಹಾಕಿದಾಗ ನನ್ನದು ನೆಟ್ಟಗಾಗಿ ತಂತಿ ಹಲಗೆಗೆ ತಾಗ್ತಿತ್ತು, ಟ್ರಸ್ ರಾಡ್ (ನೆಕ್ ಬಾಗೋದನ್ನ ಹದ ಮಾಡೋ ಒಳಗಿನ ಕಂಬಿ) ಕಾಲು ಸುತ್ತು ಸಡಿಲಿಸಬೇಕಾಯ್ತು. ಮಂಡ್ಯದವರು ಹೇಳಿದ ಕ್ರೋಮ್ಸ್ ಆದ್ರೆ ತದ್ವಿರುದ್ಧ, ಬಿಗಿ ಮಾಡಬೇಕಾಗಬಹುದು. ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಬಿಡಿ. ಗಡಿಬಿಡಿ ಬೇಡ.

ಕೇಳಿದವರು, ಮೂರು ವಾರ ಆದ್ಮೇಲೆ

ಪಿ-ಬೇಸಿಗೆ ಲಾ ಬೆಲ್ಲಾ 45-105 ಹಾಕ್ದೆ. ಪಿಕಪ್ ಮುಟ್ಟಿಲ್ಲ. ಭಾನುವಾರ ಪಾದ್ರಿಗಳೇ "ಇವತ್ತು ಬೇಸ್ ಚೆನ್ನಾಗಿ ಕೇಳಿಸ್ತು" ಅಂದ್ರು, ಇಷ್ಟು ವರ್ಷದಲ್ಲಿ ಮೊದಲ ಸಲ. ಜಾಝ್‌ಗೆ ಕ್ರೋಮ್ಸ್ ಬರ್ತಾ ಇದೆ. ಶಾರ್ಟ್ ಸ್ಕೇಲ್ ಅಳತೆ ತಗೊಂಡಿದ್ದೀನಿ. ಒಂದೇ ತೊಂದರೆ, ಪಿ-ಬೇಸಲ್ಲಿ ಜಿ ತಂತಿಯ ದನಿ ಸಣ್ಣಗಿದೆ, ಇ ಮುಂದೆ ಮುಳುಗುತ್ತೆ.

ಕುವೆಂಪುನಗರ, ಪಿ-ಬೇಸ್

ಎರಡು ತುಂಡಿಗೂ ಬೇರೆ ಬೇರೆ ಸ್ಕ್ರೂ ಇದೆ ಸರ್. ಡಿ-ಜಿ ತುಂಡನ್ನ ಅರ್ಧ ಸುತ್ತು ಮೇಲಕ್ಕೆ, ಇ-ಎ ತುಂಡನ್ನ ಅರ್ಧ ಸುತ್ತು ಕೆಳಕ್ಕೆ. ಸ್ಕ್ರೂ ಬಿಚ್ಚಿದ್ರೂ ಪಿಕಪ್ ಮೇಲೇಳದಿದ್ರೆ ಕೆಳಗಿನ ಸ್ಪಂಜು ಹಳತಾಗಿ ಚಪ್ಪಟೆಯಾಗಿರುತ್ತೆ, ಪಾತ್ರೆ ತೊಳೆಯೋ ಸ್ಪಂಜಿನ ಒಂದು ತುಂಡು ಕತ್ತರಿಸಿ ಇಡಿ. ಹಸಿರು ನಾರಿನ ಕಡೆ ಬೇಡ, ಹಳದಿ ಕಡೆ.